ಎರಡಡಿ ಕಡಲಿನ ಗಡಿ ತಕರಾರು: ಉಪ್ಪುನೀರಿನ ಟ್ಯಾಂಕಿನಲ್ಲಿ ಮೀನುಗಳ ಜಗಳ ಬಿಡಿಸುವುದು ಹೇಗೆ?

ಬೆಳಿಗ್ಗೆ ಚಾ ಹಿಡಿದುಕೊಂಡು ಟ್ಯಾಂಕಿನ ಮುಂದೆ ಕೂತರೆ ಎರಡು ಕ್ಲೌನ್ ಮೀನುಗಳಲ್ಲಿ ಒಂದು ಕಾಣಿಸುತ್ತಿಲ್ಲ. ಹುಡುಕಿದೆ. ಫಿಲ್ಟರ್ ಪೈಪಿನ ಹಿಂದೆ ಮೇಲಿನ ಮೂಲೆಯಲ್ಲಿ, ಗಾಜಿಗೆ ಅಂಟಿಕೊಂಡ ಹಾಗೆ ನಿಂತಿತ್ತು. ಬಾಲದ ಕಪ್ಪು ಅಂಚು ಪೂರ್ತಿ ಹೋಗಿ ಉಳಿದದ್ದು ಹಳೆ ಕೊಡೆಯ ಬಟ್ಟೆಯ ಹಾಗೆ ಚಿಂದಿಯಾಗಿತ್ತು. ಕಿವಿರು ಬಡಬಡ ಬಡಿಯುತ್ತಿತ್ತು. ಕೆಳಗೆ ಕಲ್ಲಿನ ಸಂದಿಯಿಂದ ನೀಲಿ ಡ್ಯಾಮ್ಸೆಲ್ ತಲೆ ಹೊರಗೆ ಹಾಕಿ ನೋಡುತ್ತಿತ್ತು. ನನ್ನ ಹೆಬ್ಬೆರಳಿಗಿಂತ ಚಿಕ್ಕ ಮೀನು, ಮಾರಾಯ್ರೇ!

ಆ ಡ್ಯಾಮ್ಸೆಲ್ ತಂದದ್ದು ನಾನೇ. "ಕಡಿಮೆ ರೇಟು, ಗಟ್ಟಿ ಮೀನು, ಹೊಸ ಟ್ಯಾಂಕಿಗೆ ಮೊದಲು ಇದನ್ನೇ ಬಿಡಿ" ಅಂತ ಅಂಗಡಿಯವರು ಹೇಳಿದರು, ನಾನು ತಲೆ ಆಡಿಸಿದೆ. ಒಂದೂವರೆ ತಿಂಗಳು ಅದೊಂದೇ ಇತ್ತು. ಆಮೇಲೆ ಕ್ಲೌನ್‌ಗಳನ್ನು ತಂದು ಬಿಟ್ಟೆ. ಅಷ್ಟರಲ್ಲಿ ಇಡೀ ಟ್ಯಾಂಕ್ ಅದರ ಹೆಸರಿಗೆ ಪಟ್ಟೆ ಆಗಿಬಿಟ್ಟಿತ್ತು.

ನಾವು ಕಾಸರಗೋಡಿನವರು. 1956ರಿಂದ ಒಂದು ದೊಡ್ಡ ಗಡಿ ತಕರಾರು ಕೇಳುತ್ತಲೇ ಬೆಳೆದವರು, ಸಾಲದ್ದಕ್ಕೆ ತೋಟದ ಬೇಲಿ ಒಂದಡಿ ಆಚೀಚೆ ಆದದ್ದಕ್ಕೆ ಮೂರು ತಲೆಮಾರು ಮಾತು ಬಿಟ್ಟ ಮನೆಗಳನ್ನೂ ಕಂಡವರು. ಹಾಗಾಗಿ ಇದು ನಮಗೆ ಬೇಗ ಅರ್ಥವಾಗಬೇಕಿತ್ತು: ಮೀನಿನ ಜಗಳ ಹೆಚ್ಚಾಗಿ ಜಾಗದ ಜಗಳ. ಬಂಡೆಯ ಹತ್ತಿರ ಅಷ್ಟು ಜಾಗ ಹಿಡಿದು, ಬಂದವರನ್ನು ಓಡಿಸಿ ಬದುಕುವ ಮೀನು ಈ ಡ್ಯಾಮ್ಸೆಲ್. ಕಡಲಿನಲ್ಲಾದರೆ ಸೋತದ್ದು ದೂರ ಹೋಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲಡಿ ಎತ್ತರದ ಟ್ಯಾಂಕಿನಲ್ಲಿ, ಅಂದರೆ ಸುಮಾರು 70 ಲೀಟರಿನಲ್ಲಿ, ಎಲ್ಲಿಗೆ ಹೋಗುವುದು?

ಮೊದಲು ಸುಮ್ನೆ ನೋಡಿ

ಗಾಬರಿಯಲ್ಲಿ ಬಲೆ ಹಾಕಬೇಡಿ. ಹತ್ತು ನಿಮಿಷ ಅಲುಗಾಡದೆ ಕೂತು ನೋಡಿ. ಎಲ್ಲ ಓಡಾಟವೂ ಜಗಳ ಅಲ್ಲ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ, ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಜೊತೆಗಿದ್ದ ಗಂಡೇ ಹೆಣ್ಣಾಗುತ್ತದೆ. ಈ ಯಜಮಾನಿಕೆ ತೀರ್ಮಾನ ಆಗುವವರೆಗೆ ದೊಡ್ಡದು ಸಣ್ಣದನ್ನು ಅಟ್ಟುತ್ತದೆ, ಸಣ್ಣದು ಓರೆಯಾಗಿ ನಿಂತು ಮೈಯೆಲ್ಲ ಗಡಗಡ ನಡುಗಿಸುತ್ತದೆ. ನೋಡಿದವರಿಗೆ ಚಳಿಜ್ವರ ಬಂತಾ ಅನ್ನಿಸಬೇಕು. ಅದು ಕಾಯಿಲೆ ಅಲ್ಲ, "ಆಯ್ತಕ್ಕಾ, ನೀನೇ ದೊಡ್ಡವಳು" ಅನ್ನುವ ಶರಣಾಗತಿ. ನಡುಗಿದ ಮೇಲೆ ದೊಡ್ಡದು ಬಿಟ್ಟು ಹೋದರೆ ನೀವು ನಡುವೆ ಬರುವ ಅಗತ್ಯವಿಲ್ಲ.

ರೆಕ್ಕೆ ಹರಿದಿದೆ, ಒಂದು ಮೀನು ಮೂಲೆ ಬಿಟ್ಟು ಬರುತ್ತಿಲ್ಲ, ಊಟಕ್ಕೂ ಬರುತ್ತಿಲ್ಲ, ಬಂದರೆ ಇನ್ನೊಂದು ಬೆನ್ನು ಬಿಡುತ್ತಿಲ್ಲ ಅಂತಾದರೆ ಅವತ್ತೇ ಕೈ ಹಾಕಬೇಕು. ನಾಳೆಗೆ ಇಟ್ಟರೆ ಹೆಣ ಎತ್ತಬೇಕಾಗುತ್ತದೆ.

ಎಲ್ಲ ಮೀನೂ ಒಟ್ಟಿಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಜಗಳ ಅಲ್ಲ, ನೀರಿನ ತೊಂದರೆ. ಅಮೋನಿಯಾ ಟೆಸ್ಟ್ ಮಾಡಿ, ಸೊನ್ನೆ ಇರಬೇಕು. ಉಪ್ಪು ಎಷ್ಟಿದೆ ಅಂತ ತೋರಿಸುವ ನೀರಿನ ಸಾಂದ್ರತೆ 1.025ರ ಆಸುಪಾಸು ಇರಲಿ. ಇಲ್ಲಿಯ ಕೆಲವರು ಕಡಲಿನಿಂದಲೇ ನೀರು ತರುತ್ತಾರೆ. ಆಟಿ ತಿಂಗಳಲ್ಲಿ ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆ ಹತ್ತಿರ ತುಂಬಿಸಿಕೊಂಡರೆ ಅರ್ಧ ಮಳೆನೀರೇ ಬರುತ್ತದೆ. ಅದಕ್ಕಿಂತ ಅಕ್ವೇರಿಯಂ ಅಂಗಡಿಯ ಪ್ಯಾಕೆಟ್ ಉಪ್ಪು (ಅಡುಗೆಯದ್ದಲ್ಲ) ಕಲಸುವುದೇ ಸುಖ.

ಪುಂಡನನ್ನು ಹಿಡಿಯಿರಿ, ಪೆಟ್ಟು ತಿಂದವನನ್ನಲ್ಲ

ಪಾಪ ಅಂತ ಪೆಟ್ಟು ತಿಂದ ಮೀನನ್ನು ಬೇರೆ ಹಾಕಿದರೆ ಪುಂಡನಿಗೆ ಪೂರ್ತಿ ಟ್ಯಾಂಕ್ ಬರೆದುಕೊಟ್ಟ ಹಾಗಾಯಿತು. ವಾಪಸು ಬಿಟ್ಟ ದಿನ ಮತ್ತೆ ಅದೇ ಕಥೆ. ಗಾಯ ಜೋರಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಹೊರಗೆ ಹೋಗಬೇಕಾದ್ದು ಹೊಡೆಯುವ ಮೀನು.

ಆದರೆ ಡ್ಯಾಮ್ಸೆಲ್ ಬಲೆಗೆ ಬೀಳುವ ಜಾತಿಯಲ್ಲ. ನಾನು ಒಂದು ಗಂಟೆ ಬಲೆ ಆಡಿಸಿ, ಮರಳೆಲ್ಲ ಎದ್ದು ನೀರು ಕದಡಿ, ಅಂಗಿ ಒದ್ದೆಯಾಗಿ, ಹೆಂಡತಿಯ ಕೈಯಲ್ಲಿ ನಾಲ್ಕು ಮಾತು ಕೇಳಿ ಕೈಬಿಟ್ಟೆ. ಆಮೇಲೆ ಮಾಡಿದ್ದು ಬಾಟ್ಲಿ ಉಪಾಯ. ಒಂದು ಲೀಟರಿನ ನೀರಿನ ಬಾಟ್ಲಿಯ ಮೇಲಿನ ಭಾಗ ಕೊಯ್ದು, ಮುಚ್ಚಳ ತೆಗೆದು, ಅದನ್ನೇ ತಲೆಕೆಳಗಾಗಿಸಿ ಬಾಟ್ಲಿಯ ಒಳಗೆ ತೂರಿಸಿ. ಮಳೆಗಾಲದಲ್ಲಿ ಗದ್ದೆ ತೋಡಿನಲ್ಲಿ ಮೀನಿಗೆ ಬುಟ್ಟಿ ಇಡುತ್ತಾರಲ್ಲ, ಅದೇ ಲೆಕ್ಕ: ಒಳಗೆ ಹೋಗುವ ದಾರಿ ಅಗಲ, ಹೊರಗೆ ಬರುವ ದಾರಿ ಸಿಗುವುದಿಲ್ಲ. ಒಳಗೆ ಒಂದು ಚೂರು ಸಿಗಡಿ ಹಾಕಿ ಅದರ ಗುಹೆಯ ಮುಂದೆ ಮಲಗಿಸಿ. ಹಿಂದಿನ ದಿನ ಊಟ ಕೊಡಬೇಡಿ. ನನ್ನದು ಇಪ್ಪತ್ತು ನಿಮಿಷದಲ್ಲಿ ಬಿತ್ತು. ಬಾಟ್ಲಿಗೂ ಬೀಳದಿದ್ದರೆ ರಾತ್ರಿ ಲೈಟ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಅದು ದಿನವೂ ಒಂದೇ ಸಂದಿಯಲ್ಲಿ ಮಲಗುತ್ತದೆ. ಆ ಕಲ್ಲನ್ನು ಮೀನು ಸಮೇತ ಎತ್ತಿ ಟ್ಯಾಂಕಿನ ನೀರಿರುವ ಬಕೆಟಿಗೆ ಇಳಿಸಿ.

ಹಿಡಿದದ್ದನ್ನು ಇಡಲು ಇನ್ನೊಂದು ಟ್ಯಾಂಕ್ ಇಲ್ಲದಿದ್ದರೆ ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಸಾಕು. ಹೊಸದು ತನ್ನಿ, ಸೋಪು ತಾಗಿದ್ದು ಬೇಡ. ಟ್ಯಾಂಕಿನ ಅಂಚಿಗೆ ಕಟ್ಟಿ ತೇಲಿಬಿಟ್ಟು ಮೇಲೆ ಮುಚ್ಚಿ. ನೀರು ಆಡುತ್ತಿರುತ್ತದೆ, ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಿರುತ್ತಾರೆ, ಕಚ್ಚಲು ಆಗುವುದಿಲ್ಲ. ಐದರಿಂದ ಏಳು ದಿನ ಜೈಲು. ಊಟ ಅಲ್ಲಿಗೇ.

ಮನೆ ಬದಲಿಸಿ

ಇದನ್ನು ಬಿಟ್ಟರೆ ಮೇಲಿನ ಕಷ್ಟವೆಲ್ಲ ನೀರುಪಾಲು. ಪುಂಡ ಬುಟ್ಟಿಯಲ್ಲಿರುವಾಗಲೇ ಕಲ್ಲುಗಳ ಜಾಗ ಪೂರ್ತಿ ಬದಲಿಸಿ. ವಾಪಸು ಬಂದಾಗ ಅದಕ್ಕೆ ತನ್ನ ಬೇಲಿ, ತನ್ನ ಜಗಲಿ ಯಾವುದೂ ಗುರುತು ಸಿಗಬಾರದು. ಎಲ್ಲರೂ ಹೊಸ ಒಕ್ಕಲು ಅನ್ನುವ ಹಾಗಾಗಬೇಕು.

ಹೆಚ್ಚಿನವರು ಹಿಂದಿನ ಗಾಜಿಗೆ ತಾಗಿಸಿ ಗೋಡೆ ಕಟ್ಟಿದ ಹಾಗೆ ಕಲ್ಲು ಪೇರಿಸುತ್ತಾರೆ. ನೋಡಲು ಚೆಂದ. ಆದರೆ ಒಂದು ಮೂಲೆಯಲ್ಲಿ ಕೂತ ಮೀನಿಗೆ ಇಡೀ ಟ್ಯಾಂಕ್ ಕಾಣುತ್ತದೆ, ಕಂಡದ್ದೆಲ್ಲ ತನ್ನದು. ಎರಡು ಬೇರೆ ಬೇರೆ ಗುಡ್ಡೆ ಮಾಡಿ, ನಡುವೆ ಒಂದು ಕೈಯಗಲ ಬಿಡಿ. ಒಂದರಲ್ಲಿ ಇದ್ದವನಿಗೆ ಇನ್ನೊಂದರ ಹಿಂದಿನ ಭಾಗ ಕಾಣಬಾರದು. ಮೀನುಗಳ ಸಂಖ್ಯೆಗಿಂತ ಅಡಗುವ ಸಂದಿಗಳು ಜಾಸ್ತಿ ಇರಲಿ, ಸಂದಿಗೆ ಎರಡು ಬಾಗಿಲಿರಲಿ. ಒಂದೇ ಬಾಗಿಲಾದರೆ ಅಟ್ಟಿಸಿಕೊಂಡು ಒಳಹೋದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ದೊಡ್ಡ ಕಲ್ಲು ಮರಳಿನ ಮೇಲೆ ಕೂರಬಾರದು, ತಳಕ್ಕೇ ತಾಗಬೇಕು. ಇಲ್ಲದಿದ್ದರೆ ಮೀನು ಅಡಿಯ ಮರಳು ತೋಡಿ ಕಲ್ಲು ಉರುಳಿಸುತ್ತದೆ.

ಕಲ್ಲು ಯಾವುದು ಅಂದರೆ, ಅಂಗಡಿಯ ಸೆರಾಮಿಕ್ ಕಲ್ಲು ಸಾಕು. ಅಂಗಳದ ಮುರಕಲ್ಲು ಬೇಡವೇ ಬೇಡ, ಕಬ್ಬಿಣದಂಶ ಜಾಸ್ತಿ. ಹವಳದ ಕಲ್ಲೂ ಬೇಡ. ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿದೆ, ಹುಲಿಯ ಸಾಲಿನಲ್ಲಿ. ಕಡಲ ಕುದುರೆಯೂ ಹಾಗೇ. ಯಾರಾದರೂ "ಒಂದು ಜೊತೆ ಉಂಟು, ಬೇಕಾ" ಅಂದರೆ ದೊಡ್ಡ ನಮಸ್ಕಾರ ಹಾಕಿ ಬನ್ನಿ.

ಬಿಡುಗಡೆ ಮಾಡುವುದು ಸಂಜೆ. ಎಲ್ಲರಿಗೂ ಹೊಟ್ಟೆ ತುಂಬ ಕೊಟ್ಟು, ಲೈಟ್ ಆರಿಸಿ, ಆಮೇಲೆ ಬುಟ್ಟಿ ತೆರೆಯಿರಿ. ಮರುದಿನದಿಂದ ಊಟ ಎರಡು ಮೂಲೆಗೆ ಒಟ್ಟಿಗೆ ಹಾಕಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಎರಡು ಮೂರು ಸಲ. ಪುಂಡ ಒಂದು ಮೂಲೆಯಲ್ಲಿ ತಿನ್ನುವಾಗ ಉಳಿದವರು ಇನ್ನೊಂದರಲ್ಲಿ ತಿಂದುಬಿಡುತ್ತಾರೆ. ಮತ್ತೆ ಮೈಮೇಲೆ ಬಿದ್ದರೆ ಹೊರಗಾಜಿಗೆ ಸಣ್ಣ ಕನ್ನಡಿ ಒರಗಿಸಿ. ತನ್ನ ಮುಖಕ್ಕೇ ಯಕ್ಷಗಾನದ ಬಣ್ಣದ ವೇಷದ ಹಾಗೆ ಅಬ್ಬರಿಸುತ್ತಾ ನಿಲ್ಲುತ್ತದೆ, ಉಳಿದವರಿಗೆ ಪುರುಸೊತ್ತು. ಅರ್ಧ ಗಂಟೆ ಸಾಕು. ಇಡೀ ದಿನ ಇಟ್ಟರೆ ಅದೇ ಸುಸ್ತಾಗಿ ಬೀಳುತ್ತದೆ.

ತರುವಾಗಲೇ ಲೆಕ್ಕ ಹಾಕಿ

ಸಾಧು ಮೀನು ಮೊದಲು, ಜೋರಿನದ್ದು ಕೊನೆಗೆ. ನಾನು ಮಾಡಿದ್ದು ಇದರ ಉಲ್ಟಾ. 70 ಲೀಟರಿಗೆ ಮೂರು, ತೀರಾ ಅಂದರೆ ನಾಲ್ಕು ಸಣ್ಣ ಮೀನು: ಒಂದು ಗೋಬಿ, ಒಂದು ಫೈರ್‌ಫಿಶ್, ಕೊನೆಗೆ ಒಂದು ಜೊತೆ ಆಸೆಲ್ಲಾರಿಸ್ ಕ್ಲೌನ್. ಕ್ಲೌನ್‌ಗಳಲ್ಲಿ ಒಂದು ದೊಡ್ಡದು, ಒಂದು ಸಣ್ಣದು ಆರಿಸಿ, ಯಜಮಾನಿಕೆ ಬೇಗ ಮುಗಿಯುತ್ತದೆ. ಮೂರನೆಯದು ಬೇಡ. ಮರೂನ್ ಕ್ಲೌನ್ ಬಣ್ಣಕ್ಕೆ ಮರುಳಾಗಬೇಡಿ, ಆ ಜಾತಿಯಲ್ಲಿ ಅದೇ ಅತಿ ಕೋಪಿಷ್ಠ. ಫೈರ್‌ಫಿಶ್ ಹೆದರಿದರೆ ಹಾರುತ್ತದೆ, ಮೇಲೆ ಬಲೆ ಮುಚ್ಚಳ ಇಲ್ಲದಿದ್ದರೆ ಬೆಳಿಗ್ಗೆ ಗುಡಿಸುವಾಗ ಸಿಗುತ್ತದೆ. ಒಂದೇ ಆಕಾರ, ಒಂದೇ ಬಣ್ಣದ ಎರಡು ಜಾತಿ ಸೇರಿಸಬೇಡಿ, ತನ್ನಂಥವನನ್ನು ಕಂಡರೇ ಮೀನಿಗೆ ಜಾಸ್ತಿ ಸಿಟ್ಟು. ಹೊಸ ಮೀನು ಯಾವುದೇ ಇರಲಿ, ಅದೇ ತೂತಿನ ಬುಟ್ಟಿಯಲ್ಲಿ ಎರಡು ಮೂರು ದಿನ ನೆಂಟನ ಹಾಗೆ ಕೂರಿಸಿ ಆಮೇಲೆ ಬಿಡಿ.

ಇಷ್ಟೆಲ್ಲ ಮಾಡಿಯೂ ಕೆಲವು ಬಗ್ಗುವುದಿಲ್ಲ. ನನ್ನದು ಬಗ್ಗಲಿಲ್ಲ. ಜೈಲಿನಿಂದ ಬಂದ ನಾಲ್ಕನೇ ದಿನ ಹೊಸ ಗುಡ್ಡೆಗೂ ಬೇಲಿ ಹಾಕಿತು. ಹಾಗಂತ ಕಡಲಿಗೆ ಬಿಡಬೇಡಿ. ಟ್ಯಾಂಕಿನ ರೋಗ ಅಲ್ಲಿಯ ಮೀನಿಗೆ ಹೋಗುತ್ತದೆ, ಬೇರೆ ಕಡಲಿನ ಜಾತಿಗೆ ಇಲ್ಲಿ ಜಾಗವೂ ಇಲ್ಲ. ಅಂಗಡಿಗೆ ವಾಪಸು ಕೊಡಿ, ಅಥವಾ ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ. ನನ್ನ ಡ್ಯಾಮ್ಸೆಲ್ ಈಗ ಉಪ್ಪಳದ ಗೆಳೆಯನೊಬ್ಬನ ನಾಲ್ಕಡಿ ಟ್ಯಾಂಕಿನಲ್ಲಿದೆ. ಇಲ್ಲಿ ಕ್ಲೌನಿನ ಬಾಲ ಮತ್ತೆ ಬೆಳೆದು ಕಪ್ಪು ಅಂಚೂ ಬಂತು. ಗೆಳೆಯ ಮೊನ್ನೆ ಫೋನ್ ಮಾಡಿ ಕೇಳಿದ: "ಆ ಬಾಟ್ಲಿ ಹೇಗೆ ಕೊಯ್ದದ್ದು ಮಾರಾಯ?"