ಮದುವೆಯೊಂದಕ್ಕೆ 158 ರೂಪಾಯಿ: ನಾನು ಗ್ರಾಫಿಕ್ಸ್ ಕಾರ್ಡ್ ಕೊಂಡ ಲೆಕ್ಕ

ಗದಗ-ಬೆಟಗೇರಿಯಲ್ಲಿ ಮದುವೆಯ ವೀಡಿಯೊಗಳನ್ನು ಎಡಿಟ್ ಮಾಡಿಕೊಡುವುದು ನನ್ನ ಕಸುಬು. ಲಕ್ಷ್ಮೇಶ್ವರ, ಮುಂಡರಗಿ, ರೋಣದ ಕಡೆಯ ಫೋಟೊಗ್ರಾಫರುಗಳು ಮೆಮೊರಿ ಕಾರ್ಡುಗಳನ್ನು ತಂದುಕೊಟ್ಟು ಹೋಗುತ್ತಾರೆ. ವರ್ಷಕ್ಕೆ ಹೆಚ್ಚುಕಡಿಮೆ 40 ಮದುವೆಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಈ ಕೆಲಸವನ್ನೆಲ್ಲ ನಾನು 4 ಜಿಬಿ ಮೆಮೊರಿಯ ಜಿಟಿಎಕ್ಸ್ 1050 ಟಿಐ ಎಂಬ ಗ್ರಾಫಿಕ್ಸ್ ಕಾರ್ಡಿನಿಂದಲೇ (ಕಂಪ್ಯೂಟರಿನಲ್ಲಿ ಚಿತ್ರ, ವೀಡಿಯೊಗಳ ಕೆಲಸ ಮಾಡುವ ಭಾಗ) ಬಹಳ ಕಾಲ ಎಳೆದುಕೊಂಡು ಬಂದೆ. ಹಗಲಿನ ದೃಶ್ಯಗಳಿಗೆ ಅದು ಹೇಗೋ ಸಾಕಾಗುತ್ತಿತ್ತು. ರಾತ್ರಿ ಪೆಂಡಾಲಿನ ಟ್ಯೂಬ್‌ಲೈಟಿನ ಕೆಳಗೆ ತೆಗೆದ ದೃಶ್ಯಗಳಲ್ಲಿ ಮಾತ್ರ ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳನ್ನು ತೆಗೆಯಲು ಡಾವಿಂಚಿ ರಿಸಾಲ್ವ್ ಸ್ಟುಡಿಯೊ ಎಂಬ ಎಡಿಟಿಂಗ್ ತಂತ್ರಾಂಶದ ನಾಯ್ಸ್ ರಿಡಕ್ಷನ್ ಹಾಕಿದ ಕೂಡಲೇ, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ) ಮೆಮೊರಿ ತುಂಬಿದೆ ಎಂಬ ಸಂದೇಶ ಬಂದು ಎಕ್ಸ್‌ಪೋರ್ಟ್, ಅಂದರೆ ಸಿದ್ಧ ವೀಡಿಯೊವನ್ನು ಹೊರತೆಗೆಯುವ ಕೆಲಸ, ನಿಂತುಹೋಗುತ್ತಿತ್ತು.

ಹೊಸ ಕಾರ್ಡಿನ ಲೆಕ್ಕ ಹಾಕುವ ಮೊದಲು ನಾನೊಮ್ಮೆ ಪೆಟ್ಟು ತಿಂದಿದ್ದೆ. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಜಾಲವು ಗ್ರಾಫಿಕ್ಸ್ ಕಾರ್ಡಿನಿಂದ ಹೊಸ ನಾಣ್ಯ ಗಳಿಸುವ ಗಣಿಗಾರಿಕೆಯನ್ನು ಕೈಬಿಟ್ಟಿತು. ಅದರ ಹಿಂದೆಯೇ ಗಣಿಗಾರಿಕೆಯಲ್ಲಿ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಆ ವರ್ಷದ ದೀಪಾವಳಿಯ ಹೊತ್ತಿಗೆ ಪರಿಚಯಸ್ಥರ ಪರಿಚಯಸ್ಥರೊಬ್ಬರಿಂದ 14,000 ರೂಪಾಯಿಗೆ ಒಂದು ಆರ್‌ಟಿಎಕ್ಸ್ 2060 ಕೊಂಡೆ. ಏಳನೆಯ ತಿಂಗಳಿಗೆ ಪರದೆಯ ಮೇಲೆ ಹಸಿರು, ಗುಲಾಬಿ ಚೌಕಗಳು ಕಾಣತೊಡಗಿ, ಒಂದು ವಾರದಲ್ಲಿ ಕಾರ್ಡ್ ಸತ್ತೇಹೋಯಿತು. ಹಿಂಬದಿಯ ಸೀರಿಯಲ್ ನಂಬರಿನ ಚೀಟಿಯನ್ನು ಯಾರೋ ಉಜ್ಜಿ ಅಳಿಸಿದ್ದರು, ಆದ್ದರಿಂದ ವಾರಂಟಿಯ ಮಾತೇ ಬರಲಿಲ್ಲ. ಹಳೆಯ 1050 ಟಿಐಯನ್ನು ಡಬ್ಬದಿಂದ ತೆಗೆದು ಮತ್ತೆ ಕೂರಿಸುವಾಗ ಲೆಕ್ಕ ಹಾಕಿದೆ: ಏಳು ತಿಂಗಳಿಗೆ 14,000, ಅಂದರೆ ತಿಂಗಳಿಗೆ 2,000 ರೂಪಾಯಿ ಬಾಡಿಗೆ ಕಟ್ಟಿದ ಹಾಗಾಯಿತು. ಕಾರ್ಡಿನ ಬೆಲೆಯನ್ನು ಬೆಲೆಯಾಗಿ ನೋಡದೆ ಬಾಡಿಗೆಯಾಗಿ ನೋಡುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದ.

2024ರ ಫೆಬ್ರುವರಿಯಲ್ಲಿ, ಬೇಸಿಗೆಯ ಮದುವೆಗಳು ಶುರುವಾಗುವ ಮುನ್ನ, ಹೊಸ ಕಾರ್ಡನ್ನೇ ಕೊಳ್ಳುವುದೆಂದು ತೀರ್ಮಾನಿಸಿದೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ವಿಚಾರಿಸಿದಾಗ ನನ್ನ ಕೈಗೆಟಕುವ, ಎನ್‌ವಿಡಿಯಾ ಕಂಪನಿಯ ಮೂರು ಕಾರ್ಡುಗಳು ಸಿಕ್ಕವು: 12 ಜಿಬಿಯ ಆರ್‌ಟಿಎಕ್ಸ್ 3060 ಸುಮಾರು 25,500 ರೂಪಾಯಿ, 8 ಜಿಬಿಯ ಆರ್‌ಟಿಎಕ್ಸ್ 4060 ಸುಮಾರು 28,800, ಹಾಗೂ ಸ್ವಲ್ಪ ಕೈ ಚಾಚಿದರೆ 16 ಜಿಬಿಯ 4060 ಟಿಐ ಸುಮಾರು 45,000. ಎಎಂಡಿಯ ಆರ್‌ಎಕ್ಸ್ 7600 ಕೂಡ 3060ರ ಬೆಲೆಗೇ ಇತ್ತು, ಆದರೆ ಅದರಲ್ಲಿಯೂ 8 ಜಿಬಿಯೇ ಇದ್ದದ್ದರಿಂದ ಬಿಟ್ಟೆ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೆ ಮದರ್‌ಬೋರ್ಡಿನಲ್ಲಿ ರೀಸೈಸಬಲ್ ಬಾರ್ ಎಂಬ ಸೌಲಭ್ಯ ತೆರೆದಿರಬೇಕು; ನನ್ನ ಹಳೆಯ ಬಿ450 ಮದರ್‌ಬೋರ್ಡಿನ ಬಯೋಸ್ (ಅದರ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡುವ ಉಸಾಬರಿ ಬೇಡವೆಂದು ಅವನ್ನು ನೋಡದೆಯೇ ಬದಿಗಿಟ್ಟೆ.

ಅಂಗಡಿಯವರು ಹೇಳುವ ಬೆಲೆ ನ್ಯಾಯವೋ ಅಲ್ಲವೋ ಎಂದು ತಿಳಿಯಲು ನಾನು ಬಳಸುವುದು ಸರಳವಾದ ಒಂದು ಗುಣಾಕಾರವನ್ನು. ಅಮೆರಿಕದಲ್ಲಿ ಬಿಡುಗಡೆಯ ದಿನ ಘೋಷಿಸಿದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಅದನ್ನು ರೂಪಾಯಿಗೆ ತಿರುಗಿಸಿ ಅದರ ಮೇಲೆ ನಮ್ಮ 18% ಜಿಎಸ್‌ಟಿ ಸೇರಿಸಿದರೆ ಇಲ್ಲಿನ ಬೆಲೆಗೆ ಒಂದು ಅಳತೆಗೋಲು ಸಿಗುತ್ತದೆ. 4060ರ ಬಿಡುಗಡೆಯ ಬೆಲೆ 299 ಡಾಲರ್. ಡಾಲರಿಗೆ 83 ರೂಪಾಯಿಯಂತೆ ತೆರಿಗೆಯೂ ಸೇರಿ 29,284 ಆಗುತ್ತದೆ. ಆದ್ದರಿಂದ 28,800 ಸರಿಯಾದ ಬೆಲೆಯೇ. 329 ಡಾಲರಿನ 3060ಕ್ಕೆ ಇದೇ ಲೆಕ್ಕದಲ್ಲಿ 32,000 ದಾಟುತ್ತದೆ, ಆದರೆ ಅದು 2021ರ ಕಾರ್ಡಾದ್ದರಿಂದ 25,500ಕ್ಕೆ ಇಳಿದಿತ್ತು. ಜಿಎಸ್‌ಟಿ ನೋಂದಣಿ ಇರುವವರು ಕಸುಬಿಗೆಂದು ಕೊಂಡರೆ ಆ 25,500ರಲ್ಲಿ ಸುಮಾರು 3,890 ರೂಪಾಯಿಯನ್ನು ಇನ್‌ಪುಟ್ ಕ್ರೆಡಿಟ್ಟಾಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಡಿತವಾಗಿ, ಪಡೆಯಬಹುದು. ನನ್ನದು ಅಷ್ಟು ದೊಡ್ಡ ವಹಿವಾಟಲ್ಲ.

ಅಂಗಡಿಯೊಂದರಲ್ಲಿ 3060 ಕಾರ್ಡನ್ನೇ 22,800ಕ್ಕೆ ಕೊಡುತ್ತೇವೆಂದರು. ಡಬ್ಬವನ್ನು ತಿರುಗಿಸಿ ನೋಡಿದರೆ ಅದರ ಮೂಲೆಯಲ್ಲಿ 8 ಜಿಬಿ ಎಂದು ಅಚ್ಚಾಗಿತ್ತು. ಹೆಸರು ಒಂದೇ ಆದರೂ ಇವು ಎರಡು ಬೇರೆ ಬೇರೆ ಕಾರ್ಡುಗಳು: 12 ಜಿಬಿಯದಕ್ಕೆ 192 ಬಿಟ್ ಅಗಲದ ಮೆಮೊರಿ ಹಾದಿಯಿದ್ದು ಸೆಕೆಂಡಿಗೆ 360 ಜಿಬಿ ಸಾಗಿಸಿದರೆ, 8 ಜಿಬಿಯದು 128 ಬಿಟ್ಟಿಗೆ ಇಳಿದು 240 ಜಿಬಿಯಷ್ಟನ್ನೇ ಸಾಗಿಸುತ್ತದೆ. ಕಾರ್ಡಿನ ಹೆಸರು ಕೇಳಿ ಹಣ ಎಣಿಸಬಾರದೆಂದು ನನ್ನ ಸೋದರಳಿಯನಿಗೆ ಅಂದೇ ತೋರಿಸಿಕೊಟ್ಟೆ.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಆ ಹುಡುಗನ ಮಾತನ್ನೂ ಇಲ್ಲಿ ಹೇಳಬೇಕು. ಅವನ ಪ್ರಕಾರ 4060 ಬಿಟ್ಟು 3060 ಕೊಳ್ಳುವವರು ಹಳೆಯ ಮಾಲಿಗೆ ದುಡ್ಡು ಸುರಿಯುವವರು. ಆಟ ಆಡುವವನ ದೃಷ್ಟಿಯಿಂದ ಅವನ ಮಾತು ತಪ್ಪಲ್ಲ. 1080ಪಿ ಪರದೆಯಲ್ಲಿ 4060 ಸಾಮಾನ್ಯವಾಗಿ 15ರಿಂದ 20% ಹೆಚ್ಚು ಫ್ರೇಮ್ ಕೊಡುತ್ತದೆ, ನಡುವೆ ಫ್ರೇಮ್ ಹುಟ್ಟಿಸುವ ಡಿಎಲ್‌ಎಸ್‌ಎಸ್ 3 ಸೌಲಭ್ಯ ಅದರಲ್ಲಿದೆ, ಮತ್ತು 3060 ಕೇಳುವ 170 ವಾಟ್ ಇರುವಲ್ಲಿ ಅದು 115 ವಾಟ್‌ನಲ್ಲೇ ಮುಗಿಸುತ್ತದೆ. ಆದರೆ ಅವನ ಪರದೆ 75 ಹರ್ಟ್ಸ್‌ನದು. ಸೆಕೆಂಡಿಗೆ 75ಕ್ಕಿಂತ ಹೆಚ್ಚು ಫ್ರೇಮ್ ಬಂದರೂ ಅದು ತೋರಿಸುವುದು 75ನ್ನೇ. ಹಾಗಾಗಿ ಹೆಚ್ಚುವರಿ ಫ್ರೇಮುಗಳಿಗೆ ಕೊಟ್ಟ ಹಣದ ಒಂದು ಪಾಲು ಕಣ್ಣಿಗೆ ಬೀಳುವುದೇ ಇಲ್ಲ.

ನನ್ನ ಕೆಲಸಕ್ಕೆ ಬೇರೆಯವರ ಪರೀಕ್ಷೆಯ ಅಂಕಿಗಳು ಸಾಲುವುದಿಲ್ಲವೆಂದು ಒಂದು ಭಾನುವಾರ ಕ್ಯಾಬಿನೆಟ್ಟನ್ನು ಚಾದರದಲ್ಲಿ ಸುತ್ತಿ, ಹುಬ್ಬಳ್ಳಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಕೊಪ್ಪಿಕರ ರಸ್ತೆಯ ಬಳಿಯ ಆ ಅಂಗಡಿಯವರು, ಕೊಂಡರೆ ಇಲ್ಲಿಯೇ ಕೊಳ್ಳಬೇಕು ಎಂಬ ಷರತ್ತಿನ ಮೇಲೆ ಎರಡು ಡೆಮೊ ಕಾರ್ಡುಗಳನ್ನು ಹಾಕಿ ನೋಡಲು ಬಿಟ್ಟರು. ನಾನು ಒಯ್ದದ್ದು ಮುಂಡರಗಿಯ ಒಂದು ಮದುವೆಯ 14 ನಿಮಿಷದ 4ಕೆ ಟೈಮ್‌ಲೈನನ್ನು (ಜೋಡಿಸಿಟ್ಟ ದೃಶ್ಯಗಳ ಸಾಲನ್ನು). ಮನೆಯಲ್ಲಿ ಹಳೆಯ ಕಾರ್ಡಿನಲ್ಲಿ, ನಾಯ್ಸ್ ರಿಡಕ್ಷನ್ ತೆಗೆದು ಹಾಕಿದರೂ, ಅದರ ಎಕ್ಸ್‌ಪೋರ್ಟಿಗೆ 51 ನಿಮಿಷ ಹಿಡಿದಿತ್ತು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕುಳಿತೆ. ಅದೇ ಟೈಮ್‌ಲೈನನ್ನು 4060 ಕಾರ್ಡ್ 17 ನಿಮಿಷಕ್ಕೆ, 3060 ಕಾರ್ಡ್ 19 ನಿಮಿಷಕ್ಕೆ ಮುಗಿಸಿದವು. ಸೋದರಳಿಯ ಗೆದ್ದವನಂತೆ ನನ್ನ ಮುಖ ನೋಡಿದ.

ಎರಡನೆಯ ಸುತ್ತಿನಲ್ಲಿ ರಾತ್ರಿಯ ಮೆರವಣಿಗೆಯ ದೃಶ್ಯಗಳಿಗೆ ನಾಯ್ಸ್ ರಿಡಕ್ಷನ್ ಹಾಕಿ, ಹೆಸರಿನ ಟೈಟಲ್ಲುಗಳನ್ನೂ ತೆರೆದೆ. ಟಾಸ್ಕ್ ಮ್ಯಾನೇಜರಿನಲ್ಲಿ 4060ರ ಮೆಮೊರಿಯ ಗೆರೆ ನೆತ್ತಿ ಮುಟ್ಟಿ ಚಪ್ಪಟೆಯಾಯಿತು, ಸ್ವಲ್ಪ ಹೊತ್ತು ತೆವಳಿತು, ಆಮೇಲೆ ನನಗೆ ಬಾಯಿಪಾಠವಾಗಿದ್ದ ಅದೇ ಸಂದೇಶ ಬಂತು. ಇನ್ನೊಮ್ಮೆ ಓಡಿಸಿದರೂ ಅದೇ ಜಾಗದಲ್ಲಿ ನಿಂತಿತು. 3060ರಲ್ಲಿ ಗೆರೆ 9.6 ಜಿಬಿಯವರೆಗೆ ಏರಿ, 41 ನಿಮಿಷಕ್ಕೆ ಎಕ್ಸ್‌ಪೋರ್ಟ್ ಮುಗಿಯಿತು. 4060 ಹಾಗೆ ತೆವಳಿದ್ದಕ್ಕೆ ನನ್ನ ಹಳೆಯ ಬೋರ್ಡಿನದೂ ಒಂದು ಪಾಲಿದೆ. ಕಾರ್ಡಿನ ಮೆಮೊರಿ ತುಂಬಿದಾಗ ಉಳಿದದ್ದು ಕಾರ್ಡು ಕೂರುವ ಸ್ಲಾಟಿನ ಮೂಲಕ ಕಂಪ್ಯೂಟರಿನ ರ‍್ಯಾಮಿಗೆ ಹರಿಯಬೇಕು. 4060 ಆ ಸ್ಲಾಟಿನ 16 ಹಾದಿಗಳಲ್ಲಿ ಎಂಟನ್ನಷ್ಟೇ ಬಳಸುತ್ತದೆ, ಮತ್ತು ನನ್ನ ಬಿ450 ಬೋರ್ಡಿನ ಪಿಸಿಐಇ 3.0 ಸ್ಲಾಟಿನಲ್ಲಿ ಆ ಎಂಟು ಹಾದಿಗಳಿಂದ ಸೆಕೆಂಡಿಗೆ ಸುಮಾರು 8 ಜಿಬಿಯಷ್ಟೇ ಸಾಗುತ್ತದೆ. ಹೊಸ ಬೋರ್ಡಿನ 4.0 ಸ್ಲಾಟಿನಲ್ಲಿ ಅದರ ಎರಡರಷ್ಟು ಸಾಗುತ್ತಿತ್ತು.

ಕಷ್ಟದ ದೃಶ್ಯಗಳನ್ನು ಒಂದೊಂದಾಗಿ ಮೊದಲೇ ರೆಂಡರ್ ಮಾಡಿಟ್ಟುಕೊಂಡರೆ 8 ಜಿಬಿಯಲ್ಲೂ ಈ ಕೆಲಸವಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ಹಾಗೆ ಮಾಡುವಾಗ ನಾನು ಅದರ ಪಕ್ಕದಲ್ಲೇ ಕುಳಿತಿರಬೇಕು. ನನಗೆ ಬೇಕಾದದ್ದು ರಾತ್ರಿ ಹನ್ನೊಂದಕ್ಕೆ ಗುಂಡಿ ಒತ್ತಿ ಮಲಗಿದರೆ ಬೆಳಿಗ್ಗೆ ಕಡತ ಸಿದ್ಧವಾಗಿರುವ ಕಾರ್ಡು. ಎರಡು ನಿಮಿಷದ ವೇಗ ನಿದ್ದೆಯಲ್ಲಿರುವವನಿಗೆ ತಿಳಿಯುವುದಿಲ್ಲ; ನಡುವೆ ನಿಂತುಹೋದ ಎಕ್ಸ್‌ಪೋರ್ಟು ಬೆಳಿಗ್ಗೆ ಎದ್ದ ಕೂಡಲೇ ತಿಳಿಯುತ್ತದೆ.

ಇನ್ನು ಹಣದ ಲೆಕ್ಕ. ಕಂಪ್ಯೂಟರಿಗೆ ಕರೆಂಟು ಒದಗಿಸುವ ನನ್ನ 450 ವಾಟ್‌ನ ಎಸ್‌ಎಂಪಿಎಸ್ ಏಳು ವರ್ಷ ಹಳೆಯದು. 4060ರ ಪರೀಕ್ಷೆ ಅದರಲ್ಲೇ ನಡೆಯಿತು, ಆದರೆ 170 ವಾಟ್‌ನ 3060ನ್ನು ಅದಕ್ಕೆ ಒಪ್ಪಿಸಲು ನನಗೂ ಅಂಗಡಿಯವರಿಗೂ ಧೈರ್ಯ ಬರಲಿಲ್ಲ. ರಟ್ಟಿನ ಡಬ್ಬದ ಮೇಲೆ ಬೇರೊಂದು ಎಸ್‌ಎಂಪಿಎಸ್ ಇಟ್ಟು ತಂತಿ ಎಳೆದು ಓಡಿಸಿದೆವು. 550 ವಾಟ್‌ನ ಹೊಸ ಎಸ್‌ಎಂಪಿಎಸ್‌ಗೆ 4,200 ರೂಪಾಯಿ. ಅಲ್ಲಿಗೆ ಅಗ್ಗದ 3060 ಒಟ್ಟು 29,700 ಆಗಿ, 4060ಕ್ಕಿಂತ 900 ರೂಪಾಯಿ ದುಬಾರಿಯೇ ಆಯಿತು. ಕರೆಂಟನ್ನೂ ಸೇರಿಸಬೇಕು: ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ 250 ದಿನ ಪೂರ್ಣ ಹೊರೆಯಲ್ಲಿ ಓಡಿದರೆ, 55 ವಾಟ್‌ನ ವ್ಯತ್ಯಾಸದಿಂದ ಸುಮಾರು 69 ಯೂನಿಟ್ ಹೆಚ್ಚು ಉರಿಯುತ್ತದೆ; ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ಅದು ವರ್ಷಕ್ಕೆ 550 ರೂಪಾಯಿ. ಇಷ್ಟನ್ನು ನಾನು ಕೊಡಬಲ್ಲೆ.

ಹಳೆಯ 1050 ಟಿಐ 4,500 ರೂಪಾಯಿಗೆ ಹೋಯಿತು. ಅದನ್ನು ಕಳೆದರೆ ನನ್ನ ಖರ್ಚು 25,200. ನಾಲ್ಕು ವರ್ಷ ಬಳಸುತ್ತೇನೆಂದು, ಅಂದರೆ 160 ಮದುವೆಗಳೆಂದು ಹಿಡಿದರೆ ಮದುವೆಯೊಂದಕ್ಕೆ 158 ರೂಪಾಯಿ. 4060 ಟಿಐ ಕೊಂಡಿದ್ದರೂ ಎಸ್‌ಎಂಪಿಎಸ್ ಬದಲಿಸಬೇಕಿತ್ತು, ಮತ್ತು ಇದೇ ಲೆಕ್ಕದಲ್ಲಿ ಮದುವೆಗೆ 279 ಬೀಳುತ್ತಿತ್ತು. ನನ್ನ ಅತಿ ಭಾರದ ಟೈಮ್‌ಲೈನಿಗೂ 9.6 ಜಿಬಿ ಸಾಕಾಗಿರುವಾಗ 16 ಜಿಬಿಗೆಂದು ಪ್ರತಿ ಮದುವೆಗೂ 121 ರೂಪಾಯಿ ಹೆಚ್ಚು ಕೊಡಲು ಕಾರಣ ಕಾಣಲಿಲ್ಲ. ಮೂರು ವರ್ಷದ ವಾರಂಟಿ ಇದ್ದ, ಡಬ್ಬದ ಮೇಲಿನ ಸೀರಿಯಲ್ ನಂಬರೂ ಕಾರ್ಡಿನ ಮೇಲಿನದೂ ಒಂದೇ ಆಗಿದ್ದ 3060 ಕೊಂಡು, ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿದಿಟ್ಟೆ.

ಏಪ್ರಿಲಿನಲ್ಲಿ ಅಣ್ಣಿಗೇರಿಯ ಫೋಟೊಗ್ರಾಫರೊಬ್ಬರು ಹೊಸ ಸೋನಿ ಕ್ಯಾಮೆರಾ ಕೊಂಡು ನಾಲ್ಕು ಮದುವೆಗಳ ಕಡತಗಳನ್ನು ಒಟ್ಟಿಗೆ ತಂದರು. ಟೈಮ್‌ಲೈನಿನ ಮೇಲೆ ಹಾಕಿದೊಡನೆ ಚಿತ್ರ ಮುಗ್ಗರಿಸತೊಡಗಿತು. ಪ್ರೊಸೆಸರ್ ಪೂರ್ತಿ ದುಡಿಯುತ್ತಿತ್ತು, ಹೊಸ ಕಾರ್ಡು ಕೈಕಟ್ಟಿ ಕುಳಿತಿತ್ತು. ಅವರು ಚಿತ್ರೀಕರಿಸಿದ್ದು ಬಣ್ಣದ ವಿವರವನ್ನು ಹೆಚ್ಚು ಉಳಿಸಿಕೊಳ್ಳುವ 10 ಬಿಟ್ 4:2:2 ಬಗೆಯಲ್ಲಿ. ಅಂಥ ಕಡತಗಳನ್ನು ಬಿಡಿಸುವ ಯಂತ್ರಾಂಗ 3060ರಲ್ಲಿಯೂ ಇಲ್ಲ, 4060ರಲ್ಲಿಯೂ ಇಲ್ಲ. ಎನ್‌ವಿಡಿಯಾ ಅದನ್ನು ಸೇರಿಸಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ನಾನು ನೋಡದೆ ಬದಿಗಿಟ್ಟ ಇಂಟೆಲ್ ಆರ್ಕ್ ಕಾರ್ಡುಗಳಲ್ಲಿ ಅದು ಮೊದಲಿನಿಂದಲೂ ಇತ್ತು. ನನ್ನ ಪರೀಕ್ಷೆಯ ಟೈಮ್‌ಲೈನಿನ ಕಡತಗಳೆಲ್ಲ ಹಳೆಯ ಕ್ಯಾಮೆರಾದ, ಬಣ್ಣದ ವಿವರ ಕಡಿಮೆಯಿರುವ 8 ಬಿಟ್ 4:2:0 ಆಗಿದ್ದವು. ನನ್ನ ಬಳಿಗೆ ಬರುವ ಕ್ಯಾಮೆರಾಗಳು ಬದಲಾಗುತ್ತಿರುವುದನ್ನು ಫೋಟೊಗ್ರಾಫರುಗಳನ್ನು ಕೇಳಿ ತಿಳಿಯದೆ ಹುಬ್ಬಳ್ಳಿಯ ಬಸ್ಸು ಹತ್ತಿದ್ದು ನನ್ನ ತಪ್ಪೇ.

ಅಣ್ಣಿಗೇರಿಯವರು ಮುಂದಿನ ಮದುವೆಯಿಂದ ಕ್ಯಾಮೆರಾದ ಮೆನುವಿನಲ್ಲಿ 4:2:0 ಆರಿಸಿಕೊಂಡರು, ಅದರ 10 ಬಿಟ್ ಕಡತಗಳನ್ನು ನನ್ನ ಕಾರ್ಡ್ ಸಲೀಸಾಗಿ ಓಡಿಸುತ್ತದೆ. ಆಗಲೇ ತೆಗೆದಿದ್ದ ಆ ನಾಲ್ಕು ಮದುವೆಗಳಿಗೆ ನಾಲ್ಕು ರಾತ್ರಿ ಪ್ರಾಕ್ಸಿ (ಎಡಿಟಿಂಗಿಗೆ ಬೇಕಾದ ಹಗುರ ನಕಲು ಕಡತ) ಮಾಡಲು ಬಿಟ್ಟು ಮಲಗಿದೆ.