ಗಲ್ಫ್ ಕೆಲಸಕ್ಕೆ ಹೊರಟಿದ್ದೀರಾ? ಕಾಗದ ಹೀಗೆ ನೋಡಿ

ಚಿಂತಾಮಣಿ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬ ಹುಡುಗ ಸಿಕ್ಕಿದ. ಗಾರೆ ಕೆಲಸದವನು. ‘ಅಣ್ಣಾ, ದುಬೈಗೆ ಹೊರಟಿದ್ದೀನಿ, ಒಂದ್ಸಲ ನೋಡಿ’ ಅಂತ ವೀಸಾ ಕೊಟ್ಟ. ನೋಡಿದರೆ 60 ದಿನದ ವಿಸಿಟ್ ವೀಸಾ, ಅಂದರೆ ಸುತ್ತಾಡಿ ಬರಲು ಕೊಡುವುದು, ಕೆಲಸಕ್ಕಲ್ಲ! ಏಜೆಂಟ್‌ಗೆ ಆಗಲೇ ಲಕ್ಷ ರೂಪಾಯಿ ಕೊಟ್ಟಾಗಿತ್ತು. ಇಂಥವರನ್ನು ಜಾಸ್ತಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

1. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟ್‌ನ ಲೈಸೆನ್ಸ್ ನೋಡಿ. ಅವಧಿ ಮುಗಿದಿದ್ದರೆ ಅಲ್ಲಿಗೇ ಬಿಡಿ. ‘ನಾನು ಅವರ ಕಡೆಯವನು’ ಅನ್ನುವವರ ಮಾತು ಬೇಡ.

2. ಎಡವುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಆಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ, ಅಂದರೆ ಕೆಲಸಕ್ಕೆ ಹೊರಡುವ ಮುಂಚೆ ಸರ್ಕಾರದ ತಪಾಸಣೆ ಬೇಕು ಎಂಬ ಗುರುತು. ಸೌದಿ, ಕುವೈತ್, ಯುಎಇ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆ ಪ್ರಕಾರ ಕ್ಲಿಯರೆನ್ಸ್, ಅಂದರೆ ಸರ್ಕಾರದ ಅನುಮತಿ ಬೇಕು. ಅದಕ್ಕೆ ಬೆಂಗಳೂರಿನಲ್ಲೇ ಕಚೇರಿ ಇದೆ. ಆಗ ನಿಮ್ಮ ಮಾಲೀಕ ಯಾರು, ಸಂಬಳ ಎಷ್ಟು ಎಂಬುದು ಸರ್ಕಾರದ ದಾಖಲೆಗೆ ಸೇರುತ್ತದೆ. ವಿಸಿಟ್ ವೀಸಾದಲ್ಲಿ ಹೋದರೆ ಈ ದಾಖಲೆಯೇ ಇರಲ್ಲ. ಸಂಬಳ ಕೊಡದಿದ್ದರೆ ಯಾವ ಕಾಗದ ಹಿಡಿದು ಕೇಳುತ್ತೀರಿ? ಮನೆಗೆಲಸದವರಿಗಾಗಿ ಭಾರತ 2014ರಲ್ಲಿ ಸೌದಿ ಜೊತೆ ಒಪ್ಪಂದ ಮಾಡಿಕೊಂಡಿದೆ. ಅಂಥ ಒಪ್ಪಂದಗಳ ಆಸರೆ ಸಿಗಬೇಕಾದರೂ ಸರಿಯಾದ ದಾರಿಯಲ್ಲೇ ಹೋಗಿರಬೇಕು.

ಈಗ ವೀಸಾ, ಕಾಂಟ್ರಾಕ್ಟ್ ಎರಡನ್ನೂ ಪಕ್ಕದಲ್ಲಿಟ್ಟು ಬೆರಳಿಟ್ಟು ಓದಿ. ಕಂಪನಿ ಹೆಸರು ಒಂದೇನಾ? ಕೆಲಸ ‘ಮೇಸನ್’ (ಗಾರೆ ಕೆಲಸದವನು) ಅಂತಿದೆಯಾ, ‘ಹೆಲ್ಪರ್’ ಅಂತಿದೆಯಾ? ಬೇಸಿಕ್ ಸಂಬಳ ಬೇರೆ, ಓಟಿ (ಹೆಚ್ಚುವರಿ ಹೊತ್ತಿನ ಕೆಲಸದ ದುಡ್ಡು) ಬೇರೆ ಬರೆದಿರಬೇಕು. ಊಟ, ರೂಮು, ವಾಪಸ್ ಟಿಕೆಟ್ ಯಾರದ್ದು? ‘ಅಲ್ಲಿ ಹೋದ್ಮೇಲೆ ಹೊಸ ಕಾಂಟ್ರಾಕ್ಟ್ ಕೊಡ್ತಾರೆ’ ಅಂದರೆ ಒಪ್ಪಬೇಡಿ. ಅರಬ್ಬಿ ಪ್ರತಿಯಲ್ಲಿ ಏನಿದೆ ಎಂದು ಗೊತ್ತಾಗದೆ ಸಹಿ ಹಾಕಲೇಬೇಡಿ. ನನ್ನ ಕೇಳಿದರೆ, ಒಂದು ಸಾಲು ತಪ್ಪಿದ್ದರೂ ಪ್ರಯಾಣ ಮುಂದೂಡಿ.

ಇಸಿಆರ್ ಪಾಸ್‌ಪೋರ್ಟಿನ ಅಕ್ಕತಂಗಿಯರು ಮನೆಗೆಲಸಕ್ಕೆ ಹೋಗುವುದಾದರೆ 30 ವರ್ಷ ತುಂಬಿರಬೇಕು.

3. ಏಜೆಂಟ್ ಸೇವಾ ಶುಲ್ಕ 30,000 ರೂ., ಜಿಎಸ್‌ಟಿ ಸೇರಿ 35,400. ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ.

4. ಪ್ರವಾಸಿ ಭಾರತೀಯ ಬಿಮಾ (ಹೊರದೇಶಕ್ಕೆ ಕೆಲಸಕ್ಕೆ ಹೋಗುವವರ ಸರ್ಕಾರಿ ವಿಮೆ) ಮಾಡಿಸಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ ಸಿಗುತ್ತದೆ. ಏಜೆಂಟ್ ಮಾರುವ ಬೇರೆ ಪಾಲಿಸಿ ಇದಕ್ಕೆ ಬದಲಿ ಅಲ್ಲ.

5. ಎಲ್ಲ ಕಾಗದದ ಎರಡು ಜೆರಾಕ್ಸ್ ಮಾಡಿಸಿ. ಒಂದನ್ನು ಅಮ್ಮನ ಕೈಗೆ ಕೊಟ್ಟು, ಅದರ ಹಿಂದೆ ವಿದೇಶಾಂಗ ಇಲಾಖೆಯ ಸಹಾಯವಾಣಿ 1800-11-3090 ಅಂತ ದಪ್ಪಕ್ಷರದಲ್ಲಿ ಬರೆದಿಡಿ.