ತಮ್ಮನ ಕಾಲಿಗೊಂದು ವೂಡೂ ಗೊಂಬೆ

ನಾನಿರುವ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಅಂಗಡಿಗಳಲ್ಲಿ ಸಿಗುವ ವೂಡೂ ಗೊಂಬೆಗಳಿಗೆ, ಅಂದರೆ ಒಬ್ಬರ ಹೆಸರಿನಲ್ಲಿ ಮಾಡಿ ಸೂಜಿ ಚುಚ್ಚುವ ಗೊಂಬೆಗಳಿಗೆ, ಬಹುಮಟ್ಟಿಗೆ ಕಾಲಿರುವುದಿಲ್ಲ. ಉದ್ದದ ಒಂದು ಕಡ್ಡಿ, ಅದಕ್ಕೆ ಅಡ್ಡಲಾಗಿ ಕಟ್ಟಿದ ಇನ್ನೊಂದು, ಸುತ್ತಲೂ ಸ್ಪ್ಯಾನಿಷ್ ಮಾಸ್ ಎಂಬ ಗಿಡದ ಬೂದು ಎಳೆಗಳು, ಮೇಲೊಂದು ಬಟ್ಟೆ. ಅಡ್ಡಕಡ್ಡಿಯೇ ಕೈ, ಮೇಲಿನ ತುದಿಯೇ ತಲೆ, ಕಡ್ಡಿ ಎಲ್ಲಿ ಮುಗಿಯುತ್ತದೋ ಮನುಷ್ಯನೂ ಅಲ್ಲಿಗೇ ಮುಗಿದ. ನನಗೆ ಇಷ್ಟು ಸಾಲುತ್ತಿರಲಿಲ್ಲ. ಗೊಂಬೆ ಮಾಡಲು ಹೊರಟಿದ್ದೇ ಕಾಲಿನ ಸಲುವಾಗಿ. ಶಿವಮೊಗ್ಗದಲ್ಲಿ ನನ್ನ ತಮ್ಮ ಬೈಕಿನಿಂದ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡು, ಒಳಗೆ ರಾಡು ಹಾಕಿಸಿಕೊಂಡು ಮಲಗಿದ್ದ.

ಹೀಗಾಗಿ ಮೊದಲ ಕೆಲಸ ಕವಲೊಡೆದ ಕಡ್ಡಿ ಹುಡುಕುವುದಾಯಿತು. ಇಲ್ಲಿನ ಬೀದಿಬದಿಯಲ್ಲೆಲ್ಲ ಕ್ರೇಪ್ ಮರ್ಟಲ್ ಮರಗಳಿವೆ. ನಮ್ಮ ಹೊಳೆದಾಸವಾಳದ ಹತ್ತಿರದ ನೆಂಟ. ಚಳಿಗಾಲದ ಕೊನೆಗೆ ಜನ ಅವನ್ನು ಕರುಣೆಯಿಲ್ಲದೆ ಸವರಿ ರೆಂಬೆಗಳನ್ನು ಮನೆಯ ಮುಂದೆ ರಾಶಿ ಹಾಕುತ್ತಾರೆ. ಅಂಥ ಒಂದು ರಾಶಿಯಲ್ಲಿ ಕಿರುಬೆರಳಿನ ದಪ್ಪದ, ಕವಲು ತೀರ ಅಗಲವಾಗದ ರೆಂಬೆ ಸಿಕ್ಕಿತು. ತಲೆಕೆಳಗಾಗಿ ಹಿಡಿದರೆ ಎರಡು ಕಾಲು, ಒಂದು ನಡು. ತಲೆಯಿಂದ ಪಾದದವರೆಗೆ ಎಂಟು ಅಂಗುಲಕ್ಕೆ ಕತ್ತರಿಸಿದೆ. ಕೈಗೆ ಐದು ಅಂಗುಲದ ತುಂಡು.

ಕತ್ತರಿಸುವ ಮೊದಲೇ ತಮ್ಮನ ಒಪ್ಪಿಗೆ ಕೇಳಿದ್ದೆ. ಒಳ್ಳೆಯದಕ್ಕೇ ಆದರೂ, ಒಬ್ಬರ ಹೆಸರಿನಲ್ಲಿ ಗೊಂಬೆ ಮಾಡುವಾಗ ಅವರಿಗೆ ಗೊತ್ತಿರಬೇಕು ಎನ್ನುವುದು ನನ್ನ ಹಟ. ಗೊತ್ತಿಲ್ಲದೆ ಮಾಡಿದರೆ ಅದು ಅವರ ಬಯಕೆಯಲ್ಲ, ನಮ್ಮದು. ಮಗನ ಹೆಸರಿನಲ್ಲಿ ‘ಅವನು ನಾವು ಹೇಳಿದ ಹುಡುಗಿಯನ್ನೇ ಒಪ್ಪಲಿ’ ಎಂದು ಪ್ರೀತಿಯಿಂದಲೇ ಗೊಂಬೆ ಮಾಡಿಸುವವರೂ ಇರುತ್ತಾರೆ. ಅದನ್ನು ಶುಭಕಾರ್ಯ ಎಂದು ಒಪ್ಪಲು ನನ್ನಿಂದಾಗದು.

“ಅಕ್ಕಾ, ಬಿದ್ದದ್ದು ಸಾಲದು ಎಂದು ಮಾಟವನ್ನೂ ಮಾಡಿಸುತ್ತೀಯಾ?” ಎಂದ ತಮ್ಮ.

“ಮಾಡಿಸುವುದಿಲ್ಲ, ನಾನೇ ಮಾಡುತ್ತೇನೆ.”

“ಆಯಿತು ಮಾರಾಯ್ತಿ. ಸೂಜಿ ಮಾತ್ರ ಎಡಗಾಲಿಗೆ ಚುಚ್ಚಬೇಡ. ಅದೊಂದಾದರೂ ನೆಟ್ಟಗಿದೆ.”

ಅಮ್ಮನನ್ನು ಒಪ್ಪಿಸುವುದು ಇಷ್ಟು ಸುಲಭವಾಗಲಿಲ್ಲ. ಮನೆಯ ಹೆಣ್ಣುಮಗಳು ಒಡಹುಟ್ಟಿದವನ ಗೊಂಬೆಗೆ ಸೂಜಿ ಚುಚ್ಚುವುದೆಂದರೇನು ಎಂದು ಫೋನಿನಲ್ಲೇ ಅತ್ತರು. ಮಗನ ಕಾಲು ಕೂಡಿಕೊಂಡರೆ ಬೆಳ್ಳಿಯ ಕಾಲು ಒಪ್ಪಿಸುತ್ತೇನೆ ಎಂದು ಅಷ್ಟರಲ್ಲಿ ಅವರೇ ಮನೆದೇವರಿಗೆ ಹರಕೆ ಹೊತ್ತಾಗಿತ್ತು. ನಾನು ಈ ಊರಿನ ಸೇಂಟ್ ರೋಕ್ ಸ್ಮಶಾನದ ಪ್ರಾರ್ಥನಾಮಂದಿರದ ಚಿತ್ರಗಳನ್ನು ಕಳಿಸಿದೆ. 1867ರಲ್ಲಿ ಹಳದಿ ಜ್ವರ ಊರನ್ನು ಬಳಿದುಕೊಂಡು ಹೋಗುತ್ತಿದ್ದಾಗ, ತನ್ನ ಜನ ಉಳಿದರೆ ಗುಡಿ ಕಟ್ಟಿಸುತ್ತೇನೆ ಎಂದು ಫಾದರ್ ಪೀಟರ್ ಥೇವಿಸ್ ಎಂಬ ಪಾದ್ರಿ ಸಂತ ರೋಕನಿಗೆ ಮಾತು ಕೊಟ್ಟು, 1876ರಲ್ಲಿ ಕಟ್ಟಿಸಿ ತೀರಿಸಿದ. ಅಲ್ಲಿ ಗೋಡೆಯ ತುಂಬ ವಾಸಿಯಾದವರು ಒಪ್ಪಿಸಿಹೋದ ಪ್ಲಾಸ್ಟರಿನ ಪಾದಗಳು, ಕೈಗಳು, ಕಾಲಿಗೆ ಕಟ್ಟುವ ಪಟ್ಟಿಗಳು, ಊರುಗೋಲುಗಳು. ಅಮ್ಮ ಚಿತ್ರಗಳನ್ನು ಬಹಳ ಹೊತ್ತು ನೋಡಿದರಂತೆ. ಮರುದಿನ ಫೋನು ಬಂತು: “ಮಾಡು. ಆದರೆ ಮಂಗಳವಾರ ಬೇಡ.”

ಗೊಂಬೆ ಕಟ್ಟಲು ಹೇಳಿಕೊಟ್ಟವರು ನಮ್ಮ ಬೀದಿಯ ಒಬ್ಬ ಅಜ್ಜಿ. ಹುಟ್ಟಿದ್ದು ಟ್ರೆಮೇಯಲ್ಲಿ, ಗುಲಾಮರು ಭಾನುವಾರಗಳಂದು ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದ ಕಾಂಗೋ ಸ್ಕ್ವೇರ್ ಇರುವ ಬಡಾವಣೆ ಅದು. ಅವರು ಎಲ್ಲರನ್ನೂ, ಅಂಚೆಯವನನ್ನೂ ಸೇರಿಸಿ, ‘ಬೇಬಿ’ ಎಂದೇ ಕರೆಯುತ್ತಾರೆ. ಅವರ ಮೊದಲ ಮಾತು ನನಗೆ ಎಚ್ಚರಿಕೆಯಂತೆ ಕೇಳಿಸಿತು: “ಗೊಂಬೆ ಕಲಿಸುತ್ತೇನೆ ಬೇಬಿ, ಧರ್ಮ ಕಲಿಸುವುದಿಲ್ಲ.” ಅದು ಸರಿಯಾದ ಮಾತು. ವೂಡೂ ಒಂದು ಧರ್ಮ. ಪಶ್ಚಿಮ ಆಫ್ರಿಕಾದಿಂದ ಸರಪಳಿಯಲ್ಲಿ ಬಂದವರ ದೈವಗಳು ಕೆರಿಬಿಯನ್ನಿನಲ್ಲಿ ಕ್ಯಾಥೊಲಿಕ್ ಸಂತರೊಂದಿಗೆ ಬೆರೆತು ರೂಪುಗೊಂಡದ್ದು. ಅಲ್ಲಿನ ಹೈಟಿಯ ಗುಲಾಮರು 1791ರಲ್ಲಿ ದಂಗೆಯೆದ್ದು 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. ಆ ಗಲಾಟೆಯಲ್ಲಿ ಕ್ಯೂಬಾಕ್ಕೆ ಓಡಿದ್ದ ಸಾವಿರಾರು ಜನ 1809ರ ಸುಮಾರಿಗೆ ನ್ಯೂ ಆರ್ಲಿಯನ್ಸ್ ಸೇರಿದರು. ಈ ಧರ್ಮದಲ್ಲಿ ದೀಕ್ಷೆಯಿದೆ, ಪೂಜಾರಿಗಳಿದ್ದಾರೆ, ಪ್ರತಿ ದೈವಕ್ಕೂ ಅದರದೇ ಹಾಡು, ಅದರದೇ ನೈವೇದ್ಯ. ಅದರೊಳಗೆ ನನಗೆ ಜಾಗವಿಲ್ಲ. ನಾನು ಮಾಡುವುದು ಅದರ ಅಂಚಿನಲ್ಲಿ ಬೆಳೆದ ಮನೆಮದ್ದಿನಂಥ ಕೈಕೆಲಸವನ್ನು ಮಾತ್ರ.

ಸೂಜಿ ಚುಚ್ಚಿ ಶತ್ರುವನ್ನು ನರಳಿಸುವ ಕಥೆಗೂ ಹೈಟಿಗೂ ಅಷ್ಟಾಗಿ ಸಂಬಂಧವಿಲ್ಲ. ಅದರ ಹಳೆಯ ಬೇರುಗಳು ಯೂರೋಪಿನಲ್ಲೇ ಇವೆ; ಇಂಗ್ಲೆಂಡಿನಲ್ಲಿ ಮಾಟಗಾತಿಯರೆಂದು ಹಿಡಿದವರ ವಿಚಾರಣೆಗಳಲ್ಲಿ ಮಣ್ಣಿನ, ಮೇಣದ ಗೊಂಬೆಗಳು ಮತ್ತೆ ಮತ್ತೆ ಬರುತ್ತವೆ. ಅಮೆರಿಕದ ಸೇನೆ 1915ರಿಂದ 1934ರವರೆಗೆ ಹೈಟಿಯನ್ನು ಆಕ್ರಮಿಸಿಕೊಂಡಿದ್ದ ಕಾಲದ ಅಗ್ಗದ ಪುಸ್ತಕಗಳೂ ನಂತರದ ಸಿನಿಮಾಗಳೂ ಆ ಸೂಜಿಯನ್ನು ಕರಿಯರ ಕೈಗೆ ದಾಟಿಸಿಬಿಟ್ಟವು. ತಮ್ಮದಲ್ಲದ ಕೆಟ್ಟ ಹೆಸರನ್ನು ಅವರು ಇವತ್ತಿಗೂ ಹೊರುತ್ತಿದ್ದಾರೆ. ಪ್ರವಾಸಿಗರು ಮುತ್ತುವ ಇಲ್ಲಿನ ಬೋರ್ಬನ್ ಸ್ಟ್ರೀಟಿನ ಅಂಗಡಿಗಳಂತೂ ಅದನ್ನೇ ಕೀಚೈನಾಗಿಸಿ ಮಾರುತ್ತಿವೆ.

ಇನ್ನು ಕಟ್ಟುವ ಕೆಲಸ. ಕೈಕಡ್ಡಿಯನ್ನು ಮೇಲಿನಿಂದ ಮೂರನೇ ಒಂದು ಭಾಗದಲ್ಲಿಟ್ಟು ಸೆಣಬಿನ ಹುರಿಯಿಂದ ಮೊದಲು ಒಂದು ಓರೆಗೆ, ಆಮೇಲೆ ಎದುರು ಓರೆಗೆ ಸುತ್ತಬೇಕು. ಕೊನೆಯ ಎರಡು ಸುತ್ತು ಎರಡೂ ಕಡ್ಡಿಗಳ ನಡುವೆ ಹಾಯ್ದು ಹುರಿಯನ್ನೇ ಬಿಗಿಯಬೇಕು. ಇದನ್ನು ಬಿಟ್ಟರೆ ಗೊಂಬೆಯ ಕೈಗಳು ಫ್ಯಾನಿನಂತೆ ತಿರುಗುತ್ತವೆ.

ಸ್ಪ್ಯಾನಿಷ್ ಮಾಸ್ ಇಲ್ಲಿನ ಓಕ್ ಮರಗಳಿಂದ ಬೂದು ಜಡೆಗಳಾಗಿ ಇಳಿಬಿದ್ದಿರುತ್ತದೆ. ಅದು ಪಾಚಿಯಲ್ಲ, ಅನಾನಸಿನ ಕುಟುಂಬಕ್ಕೆ ಸೇರಿದ ಗಿಡ. ಮಣ್ಣಿನ ಹಂಗಿಲ್ಲದೆ ಮಳೆ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಹಿಂದೆ ಲೂಯಿಸಿಯಾನಾದಲ್ಲಿ ಅದನ್ನು ಕೊಳೆಸಿ, ಬೂದು ಸಿಪ್ಪೆ ಕಳಚಿ, ಒಳಗಿನ ಕರಿಯ ನಾರನ್ನು ಹಾಸಿಗೆಗೂ ಕಾರಿನ ಸೀಟಿಗೂ ತುಂಬುತ್ತಿದ್ದರು. ನೆಲಕ್ಕೆ ಬಿದ್ದದ್ದನ್ನು ಹಾಗೆಯೇ ಎತ್ತಿಕೊಳ್ಳಬಾರದು. ಚಿಗ್ಗರ್ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವಾದ ಹುಳ ಅದರಲ್ಲಿ ಸೇರಿಕೊಂಡಿರುತ್ತದೆ. ಕಚ್ಚಿದರೆ ತುರಿಕೆ ಬೇಗ ಬಿಡುವುದಿಲ್ಲ. ಅಜ್ಜಿ ಹೇಳಿದಂತೆ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಹಿಂಡಿ, ಬಟ್ಟೆ ಒಣಗಿಸುವ ತಂತಿಯ ಮೇಲೆ ಹರವಿದೆ. ಕುದಿಯುವಾಗ ಮಳೆಗಾಲದ ಕೆರೆಯ ವಾಸನೆ ಮನೆ ತುಂಬಿತು. ಒಣಗಿದ ಮೇಲೆ ಹಸಿರು ಛಾಯೆ ಹೋಗಿ ಕಂದಾಗಿ, ಹಿಡಿದರೆ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಒತ್ತುತ್ತಿತ್ತು. ಅಷ್ಟು ಒಣಗಿದರೇ ಗೊಂಬೆಗೆ ಬೂಷ್ಟು ಬಾರದು.

ಗೊಂಬೆಯ ಎದೆಯೊಳಗೆ ಏನಿಡಬೇಕು ಎನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಹೆಸರು ಬರೆದ ಚೀಟಿ ಎಲ್ಲರಲ್ಲೂ ಇರುತ್ತದೆ. ಬರಲಿ ಎನ್ನುವುದಕ್ಕೆ ಚೀಟಿಯನ್ನು ನಮ್ಮ ಕಡೆಗೆ ಮಡಚಬೇಕು, ತೊಲಗಲಿ ಎನ್ನುವುದಕ್ಕೆ ಆಚೆಗೆ. ಅಜ್ಜಿ ರೋಸ್‌ಮೇರಿ ಎಂಬ ಪರಿಮಳದ ಸೊಪ್ಪು ಕೊಟ್ಟರು. ಆಮೇಲೆ ಕಪಾಟಿನಿಂದ ತೆಗೆದ ಬೇರಿನ ಕಟ್ಟನ್ನು ಮೂಗಿಗೆ ಹಿಡಿದಾಗ ನಾನು ಒಂದು ಕ್ಷಣ ಮಾತು ಮರೆತೆ. ಲಾವಂಚ! ಇಲ್ಲಿ ಅದು ವೆಟಿವರ್. ಈ ಊರಿನ ಹಳೆಯ ಮನೆಗಳಲ್ಲಿ ಮಡಚಿದ ಹಾಸುಹೊದಿಕೆಗಳ ನಡುವೆ ಇಡುತ್ತಾರೆ, ರಕ್ಷೆಗೆಂದು ಗೊಂಬೆಯೊಳಗೂ ಇಡುತ್ತಾರೆ. ನಮ್ಮ ನೆಲದ ಹುಲ್ಲು ಹಡಗು ಹತ್ತಿ ಬಂದದ್ದು. ಇಂದು ಲಾವಂಚದ ಎಣ್ಣೆ ತೆಗೆಯುವುದರಲ್ಲಿ ಜಗತ್ತಿನಲ್ಲೇ ಮುಂದಿರುವ ದೇಶಗಳಲ್ಲಿ ಹೈಟಿ ಒಂದು. ನೀರಿನ ಹೂಜಿಗೆ ಲಾವಂಚ ಹಾಕುತ್ತಿದ್ದ ಅಮ್ಮನಿಗೆ ಇದನ್ನು ಹೇಳಿದ ಮೇಲೆ ಮಂಗಳವಾರದ ಮಾತು ಮತ್ತೆ ಬರಲಿಲ್ಲ.

ಚೀಟಿ, ರೋಸ್‌ಮೇರಿ, ಲಾವಂಚ ಮೂರನ್ನೂ ಮಾಸ್‌ನ ಸಣ್ಣ ಉಂಡೆಯೊಳಗೆ ಅಡಗಿಸಿ ಎದೆಗೆ ಕಟ್ಟಿದೆ. ಮಾಸ್ ಅನ್ನು ಗಂಟಿನಿಂದ ಶುರುಮಾಡಿ ತಲೆಗೆ ಏರಿಸಿ, ಇಳಿಸಿ, ಒಂದು ಕೈ, ಇನ್ನೊಂದು ಕೈ, ನಡು, ಕೊನೆಗೆ ಒಂದೊಂದೇ ಕಾಲಿಗೆ ಸುತ್ತುತ್ತಾ ಹೋಗಬೇಕು. ಹುರಿ ಸುತ್ತುವಾಗ ಎಡಗೈ ಗೊಂಬೆಯನ್ನು ತಿರುಗಿಸಬೇಕು, ಬಲಗೈ ಹುರಿಯನ್ನು ಎಳೆದು ಹಿಡಿದು ಸುಮ್ಮನಿರಬೇಕು. ಬಲಗಾಲಿಗೆ ಬಂದಾಗ ನನ್ನ ಕೈ ತಾನಾಗಿಯೇ ಮೃದುವಾಯಿತು. ಅಲ್ಲಿ ಸಡಿಲ ಬಿಡಬಾರದು ಎಂದು ಗೊತ್ತಿದ್ದರೂ, ನೋಯುತ್ತದೇನೋ ಎಂಬ ಅಳುಕು. ಅಜ್ಜಿ ನಕ್ಕು, “ಬಿಗಿ ಮಾಡು ಬೇಬಿ, ಅವನ ಡಾಕ್ಟರೂ ಬಿಗಿಯಾಗಿಯೇ ಕಟ್ಟಿರುತ್ತಾನೆ” ಎಂದರು.

ಬಟ್ಟೆಗೆ ತಮ್ಮ ಹಿಂದೊಮ್ಮೆ ಬಂದಾಗ ಬಿಟ್ಟುಹೋಗಿದ್ದ ನೀಲಿ ಗೀಟಿನ ಹತ್ತಿ ಅಂಗಿ. ಅಂಗುಲ ಅಗಲದ ಪಟ್ಟಿಗಳನ್ನು ಕತ್ತರಿಸದೆ ಹರಿದೆ. ಹರಿದರೆ ಬಟ್ಟೆ ನೂಲಿನ ಗುಂಟ ನೆಟ್ಟಗೆ ಬರುತ್ತದೆ, ಅಂಚು ಮಾಸ್‌ಗೆ ಕಚ್ಚಿಕೊಳ್ಳುತ್ತದೆ. ಕಣ್ಣಿಗೆ ಅದೇ ಅಂಗಿಯ ತೋಳಿನ ಗುಂಡಿಗಳು. ಅಂಗಡಿಯ ಗೊಂಬೆಗಳಿಗೆ ಕಣ್ಣಿನ ಜಾಗದಲ್ಲಿ ಎಕ್ಸ್ ಹೊಲಿದಿರುತ್ತಾರೆ, ನನಗೆ ಅದು ಹೆಣದ ಕಣ್ಣಿನ ಹಾಗೆ ಕಾಣುತ್ತದೆ. ಕೊನೆಗೆ ಗೊಂಬೆಗೆ ತಮ್ಮನ ಹೆಸರು ಹೇಳಿ, ಯಾಕಾಗಿ ಮಾಡಿದೆ ಎಂದು ಒಂದೇ ವಾಕ್ಯದಲ್ಲಿ ಕನ್ನಡದಲ್ಲೇ ಹೇಳಿದೆ. ಒಂದು ಗೊಂಬೆಗೆ ಒಂದೇ ಬಯಕೆ. ಕಾಲಿನ ಜೊತೆಗೆ ಸಾಲವೂ ತೀರಲಿ ಎಂದು ತಮ್ಮ ಸೇರಿಸಲು ನೋಡಿದ, ಬಿಡಲಿಲ್ಲ.

ಸೂಜಿಗಳ ವಿಷಯ. ಇಲ್ಲಿ ಬಣ್ಣಕ್ಕೊಂದು ಅರ್ಥವಿದೆ: ಬಿಳಿ ಆರೋಗ್ಯಕ್ಕೆ, ಹಸಿರು ಹಣಕ್ಕೆ, ಕೆಂಪು ಪ್ರೇಮಕ್ಕೆ. ಪಟ್ಟಿ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಆದ್ದರಿಂದ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಗಾಜಿನ ತಲೆಯ ಬಿಳಿ ಗುಂಡುಸೂಜಿಗಳನ್ನೇ ತೆಗೆದುಕೊಂಡೆ. ನನ್ನ ಕೈಯಲ್ಲಿ ಸೂಜಿಯ ಕೆಲಸ, ತಮ್ಮ ಮತ್ತೆ ಮಾಡಬೇಕಾದ ಒಂದೊಂದನ್ನು ಬರೆದ ಚೀಟಿಯನ್ನು ಸಿಕ್ಕಿಸುವುದು. ಚೀಟಿಯ ಮಾತುಗಳನ್ನು ತಮ್ಮನೇ ಹೇಳಬೇಕು, ನಾನು ಬರೆದು ಬಲಗಾಲಿಗೆ ಸಿಕ್ಕಿಸಬೇಕು ಎಂದು ಒಪ್ಪಂದ. ಮೊದಲನೆಯದಾಗಿ ‘ಬೈಕು ಓಡಿಸುವುದು’ ಎಂದ, ಬರೆಯಲಿಲ್ಲ. ಆಮೇಲೆ ಸ್ವಲ್ಪ ಸುಮ್ಮನಿದ್ದು, ‘ಯಾರ ಸಹಾಯವೂ ಇಲ್ಲದೆ ಬಚ್ಚಲಿಗೆ ಹೋಗುವುದು’ ಎಂದ. ನಂತರ ಮೊಣಕಾಲು ತೊಂಬತ್ತು ಡಿಗ್ರಿ ಮಡಚುವುದು, ವಾಕರ್ ಬಿಟ್ಟು ಕೋಲು ಹಿಡಿಯುವುದು, ಮನೆಯ ಮೆಟ್ಟಿಲು ಇಳಿದು ಬೀದಿಗೆ ಬರುವುದು.

ನನಗೆ ರಾತ್ರಿಯಾದಾಗ ಅಲ್ಲಿ ಬೆಳಗು. ಫಿಸಿಯೋಥೆರಪಿಸ್ಟ್ ಬಂದುಹೋದ ಮೇಲೆ ವಿಡಿಯೊ ಕರೆ ಮಾಡುತ್ತಿದ್ದ. ನಾನು ಗೊಂಬೆಯನ್ನು ಕ್ಯಾಮೆರಾದ ಮುಂದಿಡುತ್ತಿದ್ದೆ. ಮಾಡಿ ಮುಗಿಸಿದ್ದಾದರೆ ಆ ಸೂಜಿ ಕೀಳುತ್ತಿದ್ದೆ, ಇಲ್ಲವಾದರೆ ಇಲ್ಲ. ವ್ಯಾಯಾಮ ತಪ್ಪಿಸಿದ ದಿನ ಅವನು ಕರೆ ಮಾಡುತ್ತಲೇ ಇರಲಿಲ್ಲ. ಅದರಿಂದಲೇ ನನಗೆ ತಿಳಿಯುತ್ತಿತ್ತು.

ಗೊಂಬೆಯಿಂದ ಕಾಲು ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ಮೂಳೆಯನ್ನು ನೆಟ್ಟಗೆ ನಿಲ್ಲಿಸಿದ್ದು ರಾಡು, ಮಂಡಿಯನ್ನು ಬಗ್ಗಿಸಿದ್ದು ತಮ್ಮನ ಅವುಡುಗಚ್ಚಿದ ವ್ಯಾಯಾಮ. ಆದರೆ ಅರ್ಧ ಭೂಮಿಯಾಚೆ ಕುಳಿತು ‘ಈಗ ಹೇಗಿದೆ’ ಎಂದು ಕೇಳುವುದು ಬಿಟ್ಟರೆ ಕೆಲಸವಿಲ್ಲದಿದ್ದ ನನ್ನ ಕೈಗೆ ಅದು ಕೆಲಸ ಕೊಟ್ಟಿತು. ‘ಹೇಗಿದೆ’ ಎಂಬ ಪ್ರಶ್ನೆಗೆ ‘ಪರವಾಗಿಲ್ಲ’ ಎನ್ನುತ್ತಿದ್ದವನು ಸೂಜಿಯ ನೆಪದಲ್ಲಿ ಬಚ್ಚಲಿನ ಸಂಕಟವನ್ನೂ ಹೇಳಿಕೊಂಡ.

ಕೊನೆಯ ಸೂಜಿ ಕಿತ್ತ ಮೇಲೆ ಗೊಂಬೆಯನ್ನು ಬಿಚ್ಚಿದೆ. ಕೆಲಸ ಮುಗಿದ ಗೊಂಬೆಯನ್ನು ಕಸದ ಬುಟ್ಟಿಗೆ ಹಾಕಬಾರದು ಎಂದು ಅಜ್ಜಿಯ ಕಟ್ಟಪ್ಪಣೆ. ಕಡ್ಡಿ, ಮಾಸ್, ಗಿಡಮೂಲಿಕೆ ಹಿತ್ತಲಿನ ಮಣ್ಣಿಗೆ ಹೋದವು. ಗುಂಡಿ, ಸೂಜಿ ಹೊಲಿಗೆಯ ಡಬ್ಬಿಗೆ.

ಊರಿನಲ್ಲಿ ಮಾಡಬೇಕೆನ್ನುವವರಿಗೆ ಇಲ್ಲಿಂದ ಮಾಸ್ ಕಳಿಸುವ ಯೋಚನೆ ಬೇಡ, ಗಿಡದ ವಸ್ತುಗಳಿಗೆ ಕ್ವಾರಂಟೈನ್ ನಿಯಮಗಳಿವೆ. ತೆಂಗಿನ ನಾರು ಅದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ, ಲಾವಂಚ ಗ್ರಂಧಿಗೆ ಅಂಗಡಿಯಲ್ಲೇ ಸಿಗುತ್ತದೆ. ಮುಗಿದ ಗೊಂಬೆಯನ್ನು ಮಾತ್ರ ಕಿಟಕಿಯಲ್ಲೋ ಜಗಲಿಯಲ್ಲೋ ಇಡಬೇಡಿ. ವಾಮಾಚಾರದ ವಿರುದ್ಧ ಕರ್ನಾಟಕದಲ್ಲಿ 2017ರ ಕಾಯ್ದೆಯೇ ಇದೆ. ನಿಮ್ಮ ಗೊಂಬೆ ಯಾರ ಕಾಲಿಗಾಗಿ ಎಂದು ಬೀದಿಗೆಲ್ಲ ವಿವರಿಸುತ್ತಾ ಕೂರುವುದಕ್ಕಿಂತ ಬೀರುವಿನ ಒಳಗೆ, ಸೀರೆಗಳ ನಡುವೆ ಇಟ್ಟುಕೊಳ್ಳುವುದು ಮೇಲು. ಲಾವಂಚ ಇರುವುದರಿಂದ ಸೀರೆಗೂ ಒಳ್ಳೆಯದು.